ಸುಂದರಿ ಹೇಳಿದ ಹೆಸರು

ಕಾಪುವಿನ ಕಡಲತೀರದಲ್ಲಿ ಹುಟ್ಟಿ, ಅಪ್ಪ ಅಣ್ಣಂದಿರೆಲ್ಲ ಮೀನು ಹಿಡಿಯಲು ಹೋಗುತ್ತಿದ್ದ ಮನೆಯಲ್ಲಿ ಬೆಳೆದಿದ್ದರೂ ಸುಂದರಿಗೆ ದೋಣಿಯ ಪ್ರಯಾಣ ಆಗಿಬರುತ್ತಿರಲಿಲ್ಲ. ಸಿಂಗಾಪುರದ ತಾನಾ ಮೇರಾ ಟರ್ಮಿನಲ್‌ನಲ್ಲಿ ಫೆರಿ ಹತ್ತಿದ ಕೂಡಲೇ ಬಾಯಿಗೊಂದು ಚೂರು ಹುಣಸೆಹಣ್ಣು ಹಾಕಿಕೊಂಡು, ಕಿಟಕಿಯಿಂದ ದೂರದ ಸೀಟಿನಲ್ಲಿ ಕಣ್ಣುಮುಚ್ಚಿ ಕೂರುತ್ತಿದ್ದಳು. ಆಚೆ ದಡದ ಸೆಲಾರಿ ದ್ವೀಪ ಇಂಡೊನೇಷ್ಯಾಕ್ಕೆ ಸೇರಿದ್ದು. ಸಿಂಗಾಪುರದಿಂದ ಗಂಟೆಗೂ ಸ್ವಲ್ಪ ಹೆಚ್ಚಿನ ಹಾದಿ. 2011ರಿಂದ ಮುಂದೆ ಎಷ್ಟೋ ವರ್ಷ, ತಿಂಗಳಿಗೆರಡು ಸಲವಾದರೂ ಅವಳು ಹೀಗೆ ಕಣ್ಣುಮುಚ್ಚಿಕೊಂಡೇ ಆ ಸಮುದ್ರ ದಾಟಿದಳು.

ಹೋಗುತ್ತಿದ್ದುದು ಅಡುಗೆಗೆ. ಮದುವೆಯಾಗಿ ಸಿಂಗಾಪುರಕ್ಕೆ ಬಂದಾಗ ಗಂಡ ಉಗ್ಗಪ್ಪ ಹಡಗು ರಿಪೇರಿಯ ಯಾರ್ಡಿನಲ್ಲಿದ್ದ. ಆಮೇಲೆ ಸೆಲೆಟಾರ್‌ನಲ್ಲಿ ವಿಮಾನ ರಿಪೇರಿ ಮಾಡುವ ಒಂದು ಕಂಪನಿಯ ಸ್ಟೋರಿಗೆ ಸೇರಿದ. ಕ್ಲೆಮೆಂಟಿಯಲ್ಲಿ ಒಂದು ಫ್ಲ್ಯಾಟ್ ಆಯಿತು. ಮಕ್ಕಳಾಗಲಿಲ್ಲ. ಒಂದು ವಯಸ್ಸು ದಾಟಿದ ಮೇಲೆ ಇಬ್ಬರೂ ಆ ಮಾತನ್ನೇ ಬಿಟ್ಟರು. ಖಾಲಿ ಇದ್ದ ರೂಮನ್ನು ಯೂನಿವರ್ಸಿಟಿಯ ಹುಡುಗರಿಗೆ ಬಾಡಿಗೆಗೆ ಕೊಟ್ಟು, ಸುಂದರಿ ಲಿಟಲ್ ಇಂಡಿಯಾದ ಒಂದು ಕೇಟರಿಂಗ್ ಅಡುಗೆಮನೆಗೆ ಹೋಗತೊಡಗಿದಳು. ಅದರ ಯಜಮಾನ ಗೋಪಿನಾಥ್ ಬೆಂಗಳೂರಿನ ಚಿಕ್ಕಪೇಟೆಯವನು. ಸೆಲಾರಿಯ ದೊಡ್ಡ ರಿಸಾರ್ಟಿಗೆ ಇಂಡಿಯಾದ ಮದುವೆ ಪಾರ್ಟಿಗಳು, ಕಂಪನಿ ಗ್ರೂಪುಗಳು ಬರಲು ಶುರುವಾದಾಗ ಅಲ್ಲಿನ ಸಸ್ಯಾಹಾರಿ ಅಡುಗೆಮನೆಯ ಕಾಂಟ್ರಾಕ್ಟ್ ಅವನಿಗೆ ಸಿಕ್ಕಿತು.

"ಸುಂದರಕ್ಕ, ವೀಕೆಂಡ್ ಮಾತ್ರ," ಎಂದ ಗೋಪಿನಾಥ್. "ಫೆರಿ ಟಿಕೆಟ್ ನಾನೇ ಬುಕ್ ಮಾಡ್ತೀನಿ. ನೀವು ಅಲ್ಲಿದ್ರೆ ನಂಗೆ ಟೆನ್ಷನ್ ಇರಲ್ಲ."

ಮೊದಲ ದಿನವೇ ತೆಂಗಿನಕಾಯಿ ತುರಿಯುವ ಮೆಷಿನ್ ಕೆಟ್ಟು ನಿಂತಿತು. ಹೊರಗೆ ಇನ್ನೂರು ಜನರ ಮದುವೆ ಊಟ, ಒಳಗೆ ಒಡೆದ ಕಾಯಿಗಳ ರಾಶಿ. ಸುಂದರಿ ತಲೆಯ ಮೇಲೆ ಕೈಹೊತ್ತು ನಿಂತಿರುವಾಗ, ಪಾತ್ರೆ ತೊಳೆಯಲು ಬಂದಿದ್ದ ಸ್ಥಳೀಯ ಹೆಂಗಸೊಬ್ಬಳು ಹೊರಗೆ ಹೋದಳು. ಬರುವಾಗ ಅವಳ ಕಂಕುಳಲ್ಲಿ ಮರದ ಮಣೆಯೊಂದಿತ್ತು, ಅದರ ತುದಿಗೆ ಹಲ್ಲುಹಲ್ಲಾದ ಕಬ್ಬಿಣದ ನಾಲಗೆ. ಅದನ್ನು ನೆಲಕ್ಕಿಟ್ಟು, ಮೇಲೆ ಒಂದು ಪಕ್ಕಕ್ಕೆ ಕೂತು ಕಾಯಿ ತುರಿಯತೊಡಗಿದಳು. ಸುಂದರಿಗೆ ನಗು ಬಂತು. ಕಾಪುವಿನ ಮನೆಯಲ್ಲಿ ಅವಳ ಅಮ್ಮನೂ ಇಂಥದೇ ಮಣೆಯ ಮೇಲೆ ಹೀಗೇ ಕೂರುತ್ತಿದ್ದಳು.

ಆ ಹೆಂಗಸಿನ ಹೆಸರು ನೂರ್‌ಹಯಾತಿ. ಎಲ್ಲರೂ ನೂರ್ ಎನ್ನುತ್ತಿದ್ದರು. ಮೂವತ್ತರ ಆಸುಪಾಸು, ದಿನಗೂಲಿ. ಗುಂಪು ಬಂದ ದಿನ ಕೆಲಸ, ಇಲ್ಲದ ದಿನ ಇಲ್ಲ. ಸಿಂಗಾಪುರದ ಮಾರ್ಕೆಟ್‌ನಲ್ಲಿ ಇಪ್ಪತ್ತು ವರ್ಷ ಚೌಕಾಸಿ ಮಾಡಿ ಸುಂದರಿಗೆ ಮಲಯ್ ಮಾತು ಚೆನ್ನಾಗಿ ರೂಢಿಯಾಗಿತ್ತು. ಹಾಗಾಗಿ ಇಬ್ಬರ ನಡುವೆ ಮಾತಿಗೆ ತೊಂದರೆಯಾಗಲಿಲ್ಲ. ನೂರ್ ಅವಳನ್ನು 'ಕಾಕ್' ಎಂದು ಕರೆದಳು, ಅಕ್ಕ ಎಂದು.

ಅದೇ ವರ್ಷ ಒಂದು ಭಾನುವಾರ ಕೆಲಸ ಬೇಗ ಮುಗಿದಾಗ ಸುಂದರಿ, "ನಿಮ್ಮೂರಲ್ಲಿ ಒಳ್ಳೆ ಬಂಗುಡೆ ಸಿಗುತ್ತದಲ್ಲ, ಸ್ವಲ್ಪ ಕೊಡಿಸು. ಎರಡು ದಿನ ಬರೀ ಬೇಳೆ ತಿಂದು ಸಾಕಾಗಿದೆ," ಎಂದಳು.

ನೂರ್ ಅವಳನ್ನು ರಿಸಾರ್ಟಿನ ಬೇಲಿಯ ಹಿಂದಿನ ಊರಿಗೆ ಕರೆದುಕೊಂಡು ಹೋದಳು. ಮನೆ ಮನೆ ಕೇಳಿದರೂ ಮೀನು ಸಿಗಲಿಲ್ಲ. ಹಿಡಿದದ್ದೆಲ್ಲ ಬೆಳಿಗ್ಗೆಯೇ ರಿಸಾರ್ಟಿನ ಫ್ರೀಜರಿಗೆ ಹೋಗುತ್ತಿತ್ತು. ಅಂಗಡಿಯಲ್ಲಿದ್ದುದು ಡಬ್ಬಿ ಮೀನು ಮತ್ತು ನೂಡಲ್ಸ್ ಪ್ಯಾಕೆಟ್. ನೂರ್‌ಳ ಗಂಡ ಸುಹೈಮಿ ಸ್ವತಃ ಮೀನುಗಾರ. ಅವನ ಮನೆಯಲ್ಲೂ ಮೀನಿರಲಿಲ್ಲ. ಅತ್ತೆ ಮುದುಕಿ ಒಂದು ಡಬ್ಬಿ ತೆರೆದು, ಅದರಲ್ಲಿದ್ದುದಕ್ಕೆ ಮೆಣಸು ಅರೆದು ಹಾಕಿ ಅನ್ನದ ಜತೆ ಬಡಿಸಿದಳು. ಮಗಳು ಇಂತಾನ್‌ಗೆ ಆಗ ಹದಿಮೂರು ವರ್ಷ. ಬಂದ ಅತಿಥಿಯ ಮೂಗುಬೊಟ್ಟನ್ನೇ ನೋಡುತ್ತ ಕೂತಿದ್ದಳು.

"ರಿಸಾರ್ಟ್ ಬರುವ ಮೊದಲೂ ನಾವು ಬಡವರೇ ಕಾಕ್," ಎಂದಳು ನೂರ್. "ಆದರೆ ಊರಿನವರೆಲ್ಲ ಒಂದೇ ಮೀನು ತಿನ್ನುತ್ತಿದ್ದೆವು."

ಆ ಕತೆಯನ್ನು ಅವಳು ಹುರುಳಿಕಾಯಿ ಸೋಸುತ್ತ, ಈರುಳ್ಳಿ ಹೆಚ್ಚುತ್ತ ತುಂಡು ತುಂಡಾಗಿ ಹೇಳಿದಳು. ಹಳೆಯ ಮರದ ಜೆಟ್ಟಿಯನ್ನು ಬಿರುಗಾಳಿ ಮುರಿದುಹಾಕಿದ ವರ್ಷ ದೂರದ ಯಾವುದೋ ದೇಶದಿಂದ ನೆರವು ಬಂದಿತ್ತು. ಟೋಪಿ ಹಾಕಿಕೊಂಡ ಬಿಳಿಯರು ಬಂದು ಸಭೆ ಮಾಡಿದರು, ಮಕ್ಕಳ ಫೋಟೋ ತೆಗೆದರು. ಕಾಂಕ್ರೀಟಿನ ಜೆಟ್ಟಿ ಎದ್ದಿತು, ರಸ್ತೆ ಬಂತು, ಗುಡ್ಡದ ಕೆರೆಯಿಂದ ಪೈಪಿನಲ್ಲಿ ನೀರು ಬಂತು. ಅವತ್ತು ಊರಿಡೀ ಕುಣಿದಿತ್ತು. ಇದನ್ನೆಲ್ಲ ವಹಿಸಿಕೊಳ್ಳಲು ಊರಿನ ಪರವಾಗಿ ಒಬ್ಬರು ಬೇಕು ಎಂದಾಗ ಮುಖ್ಯಸ್ಥ ರೊಸ್ಲಾನ್ ಮುಂದೆ ಬಂದ. ಅವನು ಸುಹೈಮಿಯ ಸೋದರಮಾವ. ಇಂಗ್ಲಿಷ್ ಬಲ್ಲವನು ಅವನೊಬ್ಬನೇ ಆಗಿದ್ದರಿಂದ ಯಾರಿಗೂ ತಪ್ಪು ಕಾಣಲಿಲ್ಲ.

ಜೆಟ್ಟಿ, ರಸ್ತೆ, ನೀರು ಮೂರೂ ಇರುವ ದ್ವೀಪವನ್ನು ಹುಡುಕಿಕೊಂಡು ರಿಸಾರ್ಟ್ ಬಂತು. ದಂಡೆಯ ಜಾಗಕ್ಕೆ ಯಾರ ಹತ್ತಿರವೂ ಕಾಗದವಿರಲಿಲ್ಲ, ಅಜ್ಜನ ಕಾಲದಿಂದ ಸುಮ್ಮನೆ ಇದ್ದವರು. ಕಾಗದವಿದ್ದುದು ಊರಿನ ಪರವಾಗಿ ಎಲ್ಲ ವಹಿಸಿಕೊಂಡಿದ್ದ ರೊಸ್ಲಾನ್ ಹತ್ತಿರ ಮಾತ್ರ. ಈಗ ಪ್ರವಾಸಿಗಳ ಸ್ಪೀಡ್‌ಬೋಟ್ ಅವನದು, ಬಟ್ಟೆ ಒಗೆಯುವ ಕಾಂಟ್ರಾಕ್ಟ್ ಅವನದು. ಪೈಪಿನ ನೀರು ಮೊದಲು ರಿಸಾರ್ಟಿನ ಟ್ಯಾಂಕಿಗೆ ಹೋಗುತ್ತಿತ್ತು. ಊರಿನ ನಲ್ಲಿಗಳು ವಾರದಲ್ಲಿ ಒಂದೋ ಎರಡೋ ದಿನ ಸದ್ದು ಮಾಡುತ್ತಿದ್ದವು. ಉಳಿದ ದಿನ ಲಾರಿಯಲ್ಲಿ ನೀರು ಮಾರಾಟಕ್ಕೆ ಬರುತ್ತಿತ್ತು. ಆ ಲಾರಿಯೂ ರೊಸ್ಲಾನ್‌ನದೇ.

ಊರಿನವರು ಅವನನ್ನು 'ಪಾಕ್ ರೊಸ್ಲಾನ್' ಎಂದೇ ಕರೆಯುತ್ತಿದ್ದರು, ಅಪ್ಪನಂಥ ಹಿರಿಯ ಎಂಬ ಗೌರವದಿಂದ. ಸುಂದರಿ ಅವನನ್ನು ಆಗಾಗ ಅಡುಗೆಮನೆಯ ಬಾಗಿಲಲ್ಲಿ ಕಂಡಿದ್ದಳು. ಇಸ್ತ್ರಿ ಮಾಡಿದ ಬಾತಿಕ್ ಅಂಗಿ, ಮೆಲುದನಿ. "ಹೋಳಿಗೆ ಇದೆಯಾ?" ಎಂದು ನಗುತ್ತ ಕೇಳಿ, ಎರಡು ತಿಂದು, ಕೈ ಮುಗಿದು ಹೋಗುತ್ತಿದ್ದ.

2014ರ ಕೊನೆಯ ಮಳೆಗಾಳಿಯಲ್ಲಿ ಸುಹೈಮಿಯ ದೋಣಿಯ ಎಂಜಿನ್ ಸಮುದ್ರದ ನಡುವೆ ಕೈಕೊಟ್ಟಿತು. ಅಲೆ ನೂಕಿದ ಕಡೆ ದೋಣಿ ಬಂತು. ಅದು ಬಂದು ತಾಗಿದ್ದು ರಿಸಾರ್ಟಿನ ಮುಂದಿನ ಮರಳಿಗೆ, ಅತಿಥಿಗಳು ಮೈಚಾಚಿ ಮಲಗುವ ಕುರ್ಚಿಗಳ ಸಾಲಿನ ಎದುರಿಗೆ. ಮೀನುಗಾರರ ದೋಣಿಗೆ ಆ ದಂಡೆ ನಿಷೇಧವಾಗಿ ಎಷ್ಟೋ ಕಾಲವಾಗಿತ್ತು. ಸೆಕ್ಯುರಿಟಿಯವರು ಅವನನ್ನು ಗೇಟಿನ ಕೋಣೆಯಲ್ಲಿ ಕೂರಿಸಿದರು. ರೊಸ್ಲಾನ್ ಬಂದ. ಮ್ಯಾನೇಜರಿಗೆ ಕ್ಷಮೆ ಕೇಳು, ನಾನು ಬಿಡಿಸುತ್ತೇನೆ ಎಂದ.

"ನಾನು ಹುಟ್ಟಿದ ದಂಡೆಗೆ ಬಂದದ್ದಕ್ಕೆ ಕ್ಷಮೆಯಾ?" ಎಂದನಂತೆ ಸುಹೈಮಿ.

ಸಂಜೆಗೆ ಅವನನ್ನು ಬಿಟ್ಟರು, ದೋಣಿಯನ್ನು ಬಿಡಲಿಲ್ಲ. ಅದು ಗೇಟಿನ ಪಕ್ಕದಲ್ಲೇ ಬಿದ್ದು ಬಿಸಿಲಿಗೆ ಬಿರುಕು ಬಿಟ್ಟಿತು. ಸುಹೈಮಿ ಕೆಲವು ವಾರ ಮನೆಯ ಮೆಟ್ಟಿಲ ಮೇಲೆ ಕೂತ. ಆಮೇಲೆ ಪರವಾನಗಿ ಇಲ್ಲದೆ ಮಲೇಷ್ಯಾದ ಕಟ್ಟಡ ಕೆಲಸಕ್ಕೆ ಹೋಗುವ ಗುಂಪಿನ ಜತೆ ಸೇರಿ ಹೊರಟುಹೋದ. ಮೊದಮೊದಲು ಫೋನ್ ಬರುತ್ತಿತ್ತು. ನಂತರ ಅದೂ ನಿಂತಿತು.

"ಕಾಕ್, ಸಿಂಗಾಪುರದಲ್ಲಿ ನನಗೊಂದು ಮನೆ ನೋಡು. ಮಕ್ಕಳನ್ನು ನೋಡಿಕೊಳ್ಳುತ್ತೇನೆ, ಅಡುಗೆ ಮಾಡುತ್ತೇನೆ, ಏನಾದರೂ ಸರಿ," ಎಂದಳು ನೂರ್.

ಸುಂದರಿ ನೋಡಿದಳು. ಕ್ಲೆಮೆಂಟಿಯ ಅವರ ಬ್ಲಾಕಿನಿಂದ ಎರಡು ಬಸ್ ಸ್ಟಾಪ್ ಆಚೆಯ ಕಾಂಡೊದಲ್ಲಿ, ಅಂದರೆ ಉಳ್ಳವರ ಅಪಾರ್ಟ್‌ಮೆಂಟಿನಲ್ಲಿ, ಜ್ಯೋತ್ಸ್ನಾ ಎಂಬ ಮೈಸೂರಿನ ಹುಡುಗಿ ಇದ್ದಳು. ಅವಳೂ ಗಂಡ ಹರ್ಷವರ್ಧನ್ ಕೂಡ ಸಾಫ್ಟ್‌ವೇರ್‌ನವರು. ಹಬ್ಬಕ್ಕೆಲ್ಲ ಸುಂದರಿಯಿಂದಲೇ ಹೋಳಿಗೆ ತರಿಸುತ್ತಿದ್ದಳು. ಎರಡನೆಯ ಮಗು ಹುಟ್ಟಿ, ರಜೆ ಮುಗಿಯುತ್ತ ಬಂದಿತ್ತು.

"ಆಂಟಿ, ನೀವು ರೆಕಮೆಂಡ್ ಮಾಡಿದ್ರೆ ನಾನು ಇಂಟರ್‌ವ್ಯೂ ಕೂಡ ಮಾಡಲ್ಲ," ಎಂದಳು ಜ್ಯೋತ್ಸ್ನಾ.

2015ರ ಮಧ್ಯದಲ್ಲಿ ನೂರ್ ಬಂದಳು. ಮೊದಲ ತಿಂಗಳುಗಳ ಸಂಬಳವೆಲ್ಲ ಏಜೆಂಟನಿಗೆ ಹೋಯಿತು. ಆದರೂ ಸುಂದರಿಗೆ ಸಮಾಧಾನವಿತ್ತು. ಒಳ್ಳೆಯ ಮನೆ, ಬೈಯುವವರಿಲ್ಲ. ಭಾನುವಾರ ರಜೆಯಲ್ಲಿ ನೂರ್ ಸುಂದರಿಯ ಬ್ಲಾಕಿನ ಕೆಳಗಿನ ವಾಯ್ಡ್ ಡೆಕ್ಕಿಗೆ, ಕಂಬಗಳ ನಡುವಿನ ತೆರೆದ ಜಾಗಕ್ಕೆ, ಬರುತ್ತಿದ್ದಳು. ಇಬ್ಬರೂ ಕಲ್ಲಿನ ಮೇಜಿನ ಮುಂದೆ ಕೂತು ಬಂಗುಡೆ ಸಾರು, ಅನ್ನ ಉಣ್ಣುತ್ತಿದ್ದರು. ಸುಂದರಿ ಸೆಲಾರಿಗೆ ಹೋದಾಗ ಇಂತಾನ್‌ಗೆ ಬಟ್ಟೆಯೋ ಸೋಪೋ ಒಯ್ಯುತ್ತಿದ್ದಳು. ಹುಡುಗಿ ಶಾಲೆ ಬಿಟ್ಟು ರಿಸಾರ್ಟಿಗೇ ಸೇರಿದ್ದಳು.

ಮರುವರ್ಷ ಉಗ್ಗಪ್ಪನ ಕಂಪನಿ ಸ್ಟೋರನ್ನು ಕಂಪ್ಯೂಟರಿಗೆ ಒಪ್ಪಿಸಿ ಹಳಬರನ್ನು ಮನೆಗೆ ಕಳಿಸಿತು. ಐವತ್ತೆಂಟರ ಅವನನ್ನು ಕರೆದು ಕೆಲಸ ಕೊಡುವವರಿರಲಿಲ್ಲ. ಬೆಳಿಗ್ಗೆ ಎದ್ದು ಅಭ್ಯಾಸಬಲದಿಂದ ಶರ್ಟು ಹಾಕಿಕೊಂಡು, ಕೆಳಗೆ ಹೋಗಿ, ಬಸ್ ಸ್ಟಾಪಿನಲ್ಲಿ ಸ್ವಲ್ಪ ಹೊತ್ತು ಕೂತು ವಾಪಸು ಬರುತ್ತಿದ್ದ. ಮನೆ ಸುಂದರಿಯ ದುಡಿಮೆಯ ಮೇಲೆ ನಿಂತಿತು.

ಆ ಡಿಸೆಂಬರಿನಲ್ಲಿ ಜ್ಯೋತ್ಸ್ನಾ ಫೋನ್ ಮಾಡಿದಳು. "ಆಂಟಿ, ಸ್ಕೂಲ್ ಹಾಲಿಡೇಸ್‌ಗೆ ಸೆಲಾರಿ ಬುಕ್ ಮಾಡಿದ್ವಿ! ನೂರ್‌ನೂ ಕರ್ಕೊಂಡು ಹೋಗ್ತಿದೀವಿ. ಅವಳ ಊರೇ ಅಲ್ವಾ, ಸರ್‌ಪ್ರೈಸ್ ಕೊಡೋಣ ಅಂತ. ಹೇಳ್ಬೇಡಿ ಪ್ಲೀಸ್."

ಸುಂದರಿಗೆ ಹೇಳಬೇಕು ಅನ್ನಿಸಿತು, ಹೇಳಲಿಲ್ಲ. ಆ ವಾರ ಅವಳಿಗೂ ಅಲ್ಲಿ ಕೆಲಸವಿತ್ತು. ಒಂದು ದಿನ ಮೊದಲೇ ಹೋದಳು.

ಫೆರಿ ಬಂದಾಗ ಅವಳು ತರಕಾರಿ ಇಳಿಸಿಕೊಳ್ಳಲು ಜೆಟ್ಟಿಯಲ್ಲೇ ಇದ್ದಳು. ಅತಿಥಿಗಳನ್ನು ಸ್ವಾಗತಿಸಲು ನಾಲ್ಕು ಹುಡುಗಿಯರು ಸಾಲಾಗಿ ನಿಂತಿದ್ದರು. ತಲೆಯಲ್ಲಿ ಪ್ಲಾಸ್ಟಿಕ್ ಹೂವು, ಕೈಯಲ್ಲಿ ತಣ್ಣಗಿನ ಒದ್ದೆ ಟವೆಲ್‌ಗಳ ತಟ್ಟೆ. ಮೂರನೆಯವಳು ಇಂತಾನ್. ಹಿಂದೆ ಮ್ಯಾನೇಜರ್ ನಿಂತಿದ್ದ.

ಹರ್ಷವರ್ಧನ್ ಬಂದ, ಜ್ಯೋತ್ಸ್ನಾ ಬಂದಳು, ನಾಲ್ಕು ವರ್ಷದ ಮೀರಾ ಕುಣಿಯುತ್ತ ಬಂದಳು. ಹಿಂದೆ ನೂರ್, ಸೊಂಟದಲ್ಲಿ ಚಿಕ್ಕ ಮಗು, ಹೆಗಲಲ್ಲಿ ಡೈಪರ್ ಚೀಲ. ಇಂತಾನ್ ಒಂದೊಂದೇ ಟವೆಲ್ ಕೊಡುತ್ತ ಎಲ್ಲರಿಗೂ "ಸೆಲಾಮತ್ ದಾತಂಗ್" ಎಂದಳು, ಸುಸ್ವಾಗತ ಎಂದು. ನಂತರ ಕತ್ತೆತ್ತಿದಳು. ಎದುರಿಗೆ ಅಮ್ಮ. ಸ್ವಾಗತದ ಮಾತು ಬಿಟ್ಟು ಕೆಲಸದವರು ಅತಿಥಿಗಳ ಜತೆ ಮಾತಾಡಬಾರದು ಎಂಬುದು ಅಲ್ಲಿಯ ನಿಯಮ. ಇಂತಾನ್‌ಳ ಬಾಯಿ ಸ್ವಲ್ಪ ತೆರೆಯಿತು. ಆಮೇಲೆ ತಟ್ಟೆಯನ್ನು ಮುಂದೆ ಚಾಚಿ, "ಸೆಲಾಮತ್ ದಾತಂಗ್," ಎಂದಳು. ನೂರ್ ಟವೆಲ್ ತೆಗೆದುಕೊಂಡಳು. ಮಗಳ ಬೆರಳು ತಾಕಿತೋ ಏನೋ, ಟವೆಲನ್ನು ಹಿಡಿದುಕೊಂಡು ಹಾಗೇ ನಿಂತಳು.

"ಆಂಟಿ ನೂರ್, ಫಾಸ್ಟ್ ಲಾ! ಸ್ವಿಮ್ಮಿಂಗ್ ಪೂಲ್!" ಎಂದು ಮೀರಾ ಅವಳ ಬಟ್ಟೆ ಎಳೆದಳು.

ಜ್ಯೋತ್ಸ್ನಾಗೆ ಅದು ಗೊತ್ತಾದದ್ದು ಮಧ್ಯಾಹ್ನ, ಸುಂದರಿ ಹೇಳಿದ ಮೇಲೆ. "ಅಯ್ಯೋ ದೇವರೇ, ಅವಳು ಮಗಳಾ? ನಾನು ಆ ಹುಡುಗೀಗೆ ಥ್ಯಾಂಕ್ಸ್ ಕೂಡ ಹೇಳಲಿಲ್ಲ," ಎಂದು ಕೂತುಬಿಟ್ಟಳು. ಮಾರನೆಯ ದಿನ ಮಕ್ಕಳು ಮಲಗಿದಾಗ ನೂರ್‌ಳನ್ನು ಊರಿಗೆ ಕಳಿಸಿದಳು. ಕೈಗೆ ಒಂದು ದೊಡ್ಡ ಚಾಕೊಲೇಟ್ ಡಬ್ಬಿ ಕೊಟ್ಟಳು.

ಸುಂದರಿಯೂ ಜತೆಗೆ ಹೋದಳು. ಇಂತಾನ್ ಬೇಲಿಯ ಹತ್ತಿರ ಕಾದಿದ್ದಳು. ಅವಳ ಮುಖ ನೋಡಿಯೇ ಸುಂದರಿಗೆ ಏನೋ ಸರಿಯಿಲ್ಲ ಅನ್ನಿಸಿತು. ಕೆಲವು ತಿಂಗಳಿಂದ ಹುಡುಗಿ ತಾನೇ ಅಡುಗೆಮನೆಗೆ ಬಂದು ಸಾಮಾನು ಇಸಿದುಕೊಳ್ಳುತ್ತಿದ್ದುದರಿಂದ ಸುಂದರಿ ಊರಿನೊಳಗೆ ಹೋಗಿರಲಿಲ್ಲ.

ಮನೆ ಇರಲಿಲ್ಲ. ಮನೆಯಿದ್ದ ಕಡೆ ಜಲ್ಲಿ ಹಾಸಿ, ರಿಸಾರ್ಟಿನ ಬಸ್ಸುಗಳನ್ನು ನಿಲ್ಲಿಸಿದ್ದರು. ಆ ಸಾಲಿನ ಮನೆಗಳೆಲ್ಲ ಹೋಗಿದ್ದವು. ಅವರಿಗೆ ಗುಡ್ಡದ ಹಿಂದೆ ಹಲಗೆಯ ಕೋಣೆಗಳನ್ನು ಕಟ್ಟಿಕೊಟ್ಟಿದ್ದರು, ಒಂದಕ್ಕೊಂದು ಅಂಟಿಕೊಂಡಂತೆ. ಅಲ್ಲಿಂದ ಸಮುದ್ರ ಕಾಣುತ್ತಿರಲಿಲ್ಲ. ಅತ್ತೆ ಮುದುಕಿ ಬಾಗಿಲಲ್ಲಿ ಖಾಲಿ ಕ್ಯಾನುಗಳ ನಡುವೆ ಕೂತಿದ್ದಳು. ಹೆಜ್ಜೆ ಸದ್ದಿಗೆ ತಲೆಯೆತ್ತಿ, "ನೀರಿನ ಲಾರಿ ಬಂತಾ?" ಎಂದಳು.

ನೂರ್ ಮಗಳ ಕಡೆ ತಿರುಗಿದಳು. "ಫೋನಿನಲ್ಲಿ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀನು ಕೆಲಸ ಬಿಟ್ಟು ಬರುತ್ತಿದ್ದೆ," ಎಂದಳು ಇಂತಾನ್. "ಬಂದರೆ ಏನು ತಿನ್ನುವುದು?"

ನೂರ್ ಅಳಲಿಲ್ಲ. ಅತ್ತೆಯ ತಲೆ ಬಾಚಿದಳು, ಕೋಣೆ ಗುಡಿಸಿದಳು, ಚಾಕೊಲೇಟನ್ನು ಅಕ್ಕಪಕ್ಕದ ಮಕ್ಕಳಿಗೆ ಹಂಚಿದಳು. ಮೀರಾ ಏಳುವ ಹೊತ್ತಾಯಿತು ಎಂದು ಎದ್ದಳು.

ಸಂಜೆ ಜ್ಯೋತ್ಸ್ನಾ ಕೇಳಿದಾಗ ಸುಂದರಿಯೇ ಎಲ್ಲ ಹೇಳಿದಳು. ಜ್ಯೋತ್ಸ್ನಾ ನಿಜವಾಗಿಯೂ ಅತ್ತಳು. "ನಾವು ಏನಾದ್ರೂ ಮಾಡ್ಬೇಕು ಆಂಟಿ. ಸುಮ್ನೆ ಎಂಜಾಯ್ ಮಾಡ್ಕೊಂಡು ವಾಪಸ್ ಹೋಗೋಕೆ ಆಗಲ್ಲ ನಂಗೆ."

ಅವಳು ಬಾಯಿಮಾತಿನವಳಲ್ಲ. ಸಿಂಗಾಪುರಕ್ಕೆ ಬಂದ ಮೇಲೆ ಕನ್ನಡದವರ ವಾಟ್ಸಾಪ್ ಗ್ರೂಪುಗಳಲ್ಲಿ ಬರೆದಳು, ಫೋಟೋ ಹಾಕಿದಳು, ಮನೆ ಮನೆಗೆ ಫೋನ್ ಮಾಡಿದಳು. ಹರ್ಷವರ್ಧನ್‌ನ ಆಫೀಸು ಕೂಡಿದ ದುಡ್ಡಿಗೆ ಇನ್ನಷ್ಟು ಸೇರಿಸಿತು. ಊರಿಗೊಂದು ಸಮುದಾಯ ಭವನ, ಅದರ ಮೇಲೆ ಎಲ್ಲರಿಗೂ ನೀರಿನ ಟ್ಯಾಂಕ್, ಒಳಗೆ ಹೆಂಗಸರಿಗೆ ಹೊಲಿಗೆ ಮೆಷಿನ್ ಎಂದು ತೀರ್ಮಾನವಾಯಿತು. ಒಂದು ಶನಿವಾರ ಬೆಳಿಗ್ಗೆ ಅವಳು ಸುಂದರಿಯ ಫ್ಲ್ಯಾಟಿಗೆ ಬಂದಳು. ಉಗ್ಗಪ್ಪ ಸೋಫಾದ ಮೂಲೆಯಲ್ಲಿ ಪೇಪರ್ ಓದುತ್ತಿದ್ದ.

"ಆಂಟಿ, ಅಲ್ಲಿ ಯಾರ ಥ್ರೂ ಮಾಡಿಸೋದು? ನೀವು ಅಷ್ಟು ವರ್ಷದಿಂದ ಹೋಗ್ತಿದೀರ. ಟ್ರಸ್ಟ್ ಮಾಡಬಹುದಾದ ಒಬ್ಬರ ಹೆಸರು ಹೇಳಿ."

"ನೂರ್‌ನ ಕೇಳಿದ್ರಾ ಅಮ್ಮ?"

"ಹರ್ಷ ಬೇಡ ಅಂತಾರೆ. ಮನೇಲಿ ಕೆಲಸ ಮಾಡೋರನ್ನ ದುಡ್ಡಿನ ವಿಷಯಕ್ಕೆ ಎಳೀಬಾರದು, ನಾಳೆ ಅವಳಿಗೇ ಪ್ರಾಬ್ಲಮ್ ಆಗತ್ತೆ ಅಂತ."

ಸುಂದರಿ ಕಾಫಿ ಲೋಟವನ್ನು ಕೈಯಲ್ಲೇ ತಿರುಗಿಸುತ್ತ ಕೂತಳು. ಹಿಂದಿನ ವಾರವಷ್ಟೇ ಗೋಪಿನಾಥ್ ಅವಳನ್ನು ಕರೆದು ಹೇಳಿದ್ದ: "ಸುಂದರಕ್ಕ, ಈ ಸಲ ನಮ್ಮ ಕಾಂಟ್ರಾಕ್ಟ್ ರಿನ್ಯೂ ಆಗೋದು ಆ ರೊಸ್ಲಾನ್ ಕೈಯಲ್ಲಿದೆ. ರಿಸಾರ್ಟ್‌ನೋರು ಲೋಕಲ್ ವಿಷಯ ಎಲ್ಲ ಅವನನ್ನೇ ಕೇಳ್ತಾರೆ. ಸ್ವಲ್ಪ ನೋಡ್ಕೊಳ್ಳಿ." ಗುಡ್ಡದ ಹಿಂದೆ ಹಲಗೆಯ ಕೋಣೆಗಳ ಸಾಲಿನಲ್ಲಿ ಹಳೆಯ ಶಾಲಾ ಮಾಸ್ತರೊಬ್ಬನಿದ್ದ. ಊರಿನವರು ಅವನ ಮಾತು ಕೇಳುತ್ತಿದ್ದರು. ಸುಂದರಿಗೆ ಅವನ ಹೆಸರು ಗೊತ್ತಿತ್ತು. ಅದು ನಾಲಗೆಯ ತನಕ ಬಂದಿತ್ತು.

"ಪಾಕ್ ರೊಸ್ಲಾನ್ ಅಂತ ಇದ್ದಾರೆ," ಎಂದಳು. "ಊರಿನ ಮುಖ್ಯಸ್ಥರು. ಇಂಗ್ಲಿಷ್ ಬರ್ತದೆ. ಅವರ ಹತ್ರ ಮಾತಾಡಿ."

ಜ್ಯೋತ್ಸ್ನಾ ಹೆಸರನ್ನು ಫೋನಿನಲ್ಲಿ ಹಾಕಿಕೊಂಡು, ಸುಂದರಿಯನ್ನು ಅಪ್ಪಿಕೊಂಡು ಹೋದಳು. ಉಗ್ಗಪ್ಪ ಪೇಪರ್ ಕೆಳಗಿಟ್ಟ. ಸೆಲಾರಿಯ ಕತೆಯನ್ನೆಲ್ಲ ಅವನು ವರ್ಷಗಳಿಂದ ಕೇಳಿದವನೇ.

"ಬೇರೆ ಹೆಸರು ಇರ್ಲಿಲ್ವಾ?"

"ಇತ್ತು. ಅದನ್ನು ಹೇಳಿದ್ರೆ ಬರುವ ತಿಂಗಳಿಂದ ನಾವು ಎಂತ ಮಾಡುದು?"

ಉಗ್ಗಪ್ಪ ಎದ್ದು ಲೋಟಗಳನ್ನು ತೊಳೆಯಲು ಹೋದ. ಮದುವೆಯಾದಂದಿನಿಂದ ಅವನು ಲೋಟ ತೊಳೆದದ್ದು ಸುಂದರಿಗೆ ನೆನಪಿರಲಿಲ್ಲ.

2017ರ ಆಗಸ್ಟಿನಲ್ಲಿ ಭವನ ಉದ್ಘಾಟನೆಯಾಯಿತು. ಸಿಂಗಾಪುರದಿಂದ ಒಂದು ಗುಂಪೇ ಹೋಯಿತು. ಭವನ ಎದ್ದದ್ದು ಗುಡ್ಡದ ಹಿಂದೆ ಅಲ್ಲ, ಜೆಟ್ಟಿಯಿಂದ ರಿಸಾರ್ಟಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ, ರೊಸ್ಲಾನ್ ದಾನ ಕೊಟ್ಟ ಜಾಗದಲ್ಲಿ. ನೀರಿಗೆ ಅಲ್ಲಿ ಪೈಪು ಹತ್ತಿರ ಎಂದು ಅವನು ವಿವರಿಸಿದ್ದ. ಊಟ ಸುಂದರಿಯದು. ಬಿಸಿಬೇಳೆಬಾತ್ ಬಡಿಸುವ ಮೊದಲು ರೊಸ್ಲಾನ್ ಮೈಕ್ ಹಿಡಿದು ಎಲ್ಲರಿಗೂ ವಂದನೆ ಹೇಳಿದ. ಕೊನೆಗೆ, "ಈ ಒಳ್ಳೆಯವರನ್ನು ನನ್ನ ಹತ್ತಿರ ಕಳಿಸಿದ್ದು ನಮ್ಮ ಅಡುಗೆಯ ಸುಂದರಿ. ಅವಳನ್ನು ಮರೆಯಬಾರದು," ಎಂದ. ಚಪ್ಪಾಳೆ ಬಿತ್ತು. ಸುಂದರಿ ಸೌಟು ಹಿಡಿದುಕೊಂಡು ತಲೆ ತಗ್ಗಿಸಿದಳು. ನೂರ್ ಅವತ್ತು ಬಂದಿರಲಿಲ್ಲ, ಮಕ್ಕಳ ಜತೆ ಸಿಂಗಾಪುರದಲ್ಲೇ ಉಳಿದಿದ್ದಳು. ಭವನವಾಗುತ್ತಿದೆ ಎಂದಷ್ಟೇ ಅವಳಿಗೆ ಗೊತ್ತಿದ್ದುದು. ಸುಂದರಿಯೂ ಭಾನುವಾರಗಳಲ್ಲಿ ಆ ಮಾತು ಬಂದಾಗಲೆಲ್ಲ ಬೇರೆ ಏನಾದರೂ ಎತ್ತುತ್ತಿದ್ದಳು.

ಮೊದಲು ಒಂದಷ್ಟು ದಿನ ಹೆಂಗಸರು ಹೊಲಿದರು. ಆಮೇಲೆ ಭವನದ ಬೀಗದ ಕೈ ರೊಸ್ಲಾನ್‌ನ ಸೊಸೆಯ ಸೊಂಟಕ್ಕೆ ಬಂತು. ಸಂಜೆಗಳಲ್ಲಿ ಅಲ್ಲಿ ಅತಿಥಿಗಳಿಗೆ 'ಹಳ್ಳಿಯ ನೃತ್ಯ' ಶುರುವಾಯಿತು, ಟಿಕೆಟ್ ಇಟ್ಟು. ಪಕ್ಕದಲ್ಲೊಂದು ಕಾಫಿ ಅಂಗಡಿ ಎದ್ದಿತು. ಟ್ಯಾಂಕಿನ ನೀರು ಅದಕ್ಕೂ ಅಲ್ಲಿನ ಟಾಯ್ಲೆಟ್‌ಗಳಿಗೂ ಹೋಯಿತು. ಗುಡ್ಡದ ಹಿಂದಕ್ಕೆ ಲಾರಿ ಹೋಗುವುದು ನಿಲ್ಲಲಿಲ್ಲ. ಜ್ಯೋತ್ಸ್ನಾಳ ಫೋನಿಗೆ ಮಾತ್ರ ತಿಂಗಳಿಗೊಂದು ಫೋಟೋ ಬರುತ್ತಿತ್ತು, ಮೆಷಿನ್‌ಗಳ ಮುಂದೆ ನಗುತ್ತಿರುವ ಹೆಂಗಸರದು.

2018ರ ಮಧ್ಯದಲ್ಲಿ ನೂರ್‌ಳ ಅತ್ತೆ ಮುದುಕಿಗೆ ಭೇದಿ ಹತ್ತಿತು. ಇಂತಾನ್ ಫೋನ್ ಮಾಡಿದಾಗ ಜ್ಯೋತ್ಸ್ನಾ ಆಫೀಸು ಕೆಲಸಕ್ಕೆ ಹಾಂಗ್‌ಕಾಂಗ್‌ಗೆ ಹೋಗಿದ್ದಳು. ಹರ್ಷವರ್ಧನ್, "ಶುಕ್ರವಾರ ಅವಳು ಬರ್ತಾಳೆ, ಆಗ ಖಂಡಿತ ಹೋಗು ನೂರ್. ಇಬ್ಬರು ಮಕ್ಕಳನ್ನ ನಾನೊಬ್ಬನೇ ಮ್ಯಾನೇಜ್ ಮಾಡೋಕೆ ಆಗಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದ. ಸಿಟ್ಟಿನಿಂದಲ್ಲ, ಬೇಡಿಕೊಳ್ಳುವಂತೆಯೇ ಹೇಳಿದ. ನೂರ್ ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ಊರಿನಿಂದ ಬಂದ ಮೇಲಿನ ಭಾನುವಾರ ನೂರ್ ವಾಯ್ಡ್ ಡೆಕ್ಕಿಗೆ ಬಂದಳು. ಸುಂದರಿ ಬುತ್ತಿ ತಂದಿದ್ದಳು. ನೂರ್ ಕೂರಲಿಲ್ಲ.

"ಭವನ ನೋಡಿದೆ ಕಾಕ್. ಬಾಗಿಲಲ್ಲಿ ಅವನ ಹೆಸರಿದೆ. ಅವನು ಎಲ್ಲರ ಹತ್ತಿರವೂ ನಿನ್ನನ್ನೇ ಹೊಗಳುತ್ತಾನಂತೆ. ಇಂತಾನ್ ಹೇಳಿದಳು."

ಸುಂದರಿಯ ಕೈ ಬುತ್ತಿಯ ಮುಚ್ಚಳದ ಮೇಲೇ ನಿಂತಿತು.

"ನನ್ನನ್ನು ಕೇಳಬಹುದಿತ್ತು," ಎಂದಳು ನೂರ್.

"ಹೆದರಿಕೆಯಾಯಿತು ನೂರ್. ಇವರ ಕೆಲಸ ಹೋಗಿತ್ತು. ಅವನು ಮನಸ್ಸು ಮಾಡಿದರೆ ನನ್ನದೂ ಹೋಗುತ್ತಿತ್ತು."

"ಗೊತ್ತು. ನಮ್ಮೂರಲ್ಲಿ ಎಲ್ಲರಿಗೂ ಅವನೆಂದರೆ ಹೆದರಿಕೆ." ನೂರ್ ಚೀಲವನ್ನು ಹೆಗಲಿಗೇರಿಸಿಕೊಂಡಳು. "ನೀನು ಸಿಂಗಾಪುರದವಳು ಅಂದುಕೊಂಡಿದ್ದೆ."

ಅಷ್ಟು ಹೇಳಿ ಬಸ್ ಸ್ಟಾಪಿನ ಕಡೆ ನಡೆದಳು. ಸುಂದರಿ ಬುತ್ತಿಯನ್ನು ಮೇಲೆ ಒಯ್ದಳು. ಅವತ್ತು ಮನೆಯಲ್ಲಿ ಯಾರೂ ಅದನ್ನು ಉಣ್ಣಲಿಲ್ಲ.

ಆ ವಾರವೇ ಅವಳು ಕಾಂಡೊಗೆ ಹೋಗಿ ಜ್ಯೋತ್ಸ್ನಾಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಾನು ಹೆಸರು ಯಾಕೆ ಹೇಳಿದೆ ಎಂಬುದನ್ನೂ ಬಿಡಲಿಲ್ಲ. ಜ್ಯೋತ್ಸ್ನಾಳ ಮುಖ ಬಿಳಿಚಿತು. "ಮೊದಲೇ ಹೇಳ್ಬಾರದಿತ್ತಾ ಆಂಟಿ?" ಎಂದಳು. ಇನ್ನೊಮ್ಮೆ ಅದನ್ನೇ ಹೇಳಿದಳು. ಹರ್ಷವರ್ಧನ್ ಲ್ಯಾಪ್‌ಟಾಪ್ ಮುಚ್ಚಿ, "ದುಡ್ಡು ಹ್ಯಾಂಡ್ ಓವರ್ ಆದ್ಮೇಲೆ ಅದು ಅವರ ಇಂಟರ್ನಲ್ ಮ್ಯಾಟರ್. ಈಗ ಕಂಪ್ಲೇಂಟ್ ಮಾಡಿದ್ರೆ ಕೊಟ್ಟೋರೆಲ್ಲ ನಮ್ಮನ್ನೇ ಕೇಳ್ತಾರೆ," ಎಂದ. ಜ್ಯೋತ್ಸ್ನಾ ಆದರೂ ರೊಸ್ಲಾನ್‌ಗೆ ಫೋನ್ ಮಾಡಿದಳು.

ಅವನು ತಾಳ್ಮೆಯಿಂದ ಕೇಳಿಸಿಕೊಂಡ. ಎಲ್ಲ ಸರಿಪಡಿಸುವುದಾಗಿ ಮಾತು ಕೊಟ್ಟ. ಈ ವಿಷಯ ನಿಮಗೆ ಯಾರು ಹೇಳಿದರು ಎಂದೂ ವಿಚಾರಿಸಿಕೊಂಡ.

ಮರುವರ್ಷ ಕಾಂಟ್ರಾಕ್ಟ್ ರಿನ್ಯೂ ಆಗಲಿಲ್ಲ. ರಿಸಾರ್ಟ್ ತನ್ನದೇ ಇಂಡಿಯನ್ ಅಡುಗೆಯವನನ್ನು ಇಟ್ಟುಕೊಂಡಿತು. ಗೋಪಿನಾಥ್ ಕೂಗಾಡಲಿಲ್ಲ. "ಏನ್ ಸುಂದರಕ್ಕ ಇದು," ಎಂದನಷ್ಟೇ. ಅವನ ಲಿಟಲ್ ಇಂಡಿಯಾದ ಅಡುಗೆಮನೆಯಲ್ಲೂ ಆಮೇಲೆ ಅವಳಿಗೆ ದಿನಗಳು ಕಡಿಮೆಯಾದವು. ಕ್ಲೆಮೆಂಟಿಯ ಹಾಕರ್ ಸೆಂಟರಿನಲ್ಲಿ, ಸಾಲು ತಿಂಡಿ ಅಂಗಡಿಗಳ ನಡುವೆ, ಮೇಜು ಒರೆಸಿ ತಟ್ಟೆ ಎತ್ತುವ ಕೆಲಸಕ್ಕೆ ಸೇರಿದಳು. ಉಗ್ಗಪ್ಪನಿಗೆ ಒಂದು ಕಾಂಡೊದಲ್ಲಿ ಹಗಲು ಪಾಳಿಯ ಕಾವಲು ಸಿಕ್ಕಿತು. ಜ್ಯೋತ್ಸ್ನಾ ಆ ವರ್ಷದ ಹಬ್ಬಕ್ಕೆ ಹೋಳಿಗೆ ತರಿಸಲಿಲ್ಲ.

ನೂರ್ ಅವರ ಮನೆಯ ಅವಧಿ ಮುಗಿಸಿ ಪೂರ್ವದ ಕಡೆ ಒಂದು ಚೀನಿ ಕುಟುಂಬಕ್ಕೆ ಹೋದಳು. 2019ರ ಕೊನೆಗೆ ಸುಂದರಿ ಅವಳನ್ನು ಒಮ್ಮೆ ಕಂಡಳು. ಸೆರಂಗೂನ್ ರಸ್ತೆಯ ದಿನಸಿ ಅಂಗಡಿಯ ಮುಂದೆ ನೂರ್ ಬೆಳ್ಳುಳ್ಳಿ ಆರಿಸುತ್ತಿದ್ದಳು. ಕೂದಲು ನೆರೆತಿತ್ತು.

"ಇಂತಾನ್?" ಎಂದಳು ಸುಂದರಿ.

"ಬಾತಾಮ್ ದ್ವೀಪದಲ್ಲಿದ್ದಾಳೆ. ಫ್ಯಾಕ್ಟರಿ. ಭವನದಲ್ಲಿ ಕುಣಿಯಲು ಕರೆದರು, ಒಲ್ಲೆ ಎಂದಳು. ಜೆಟ್ಟಿಯ ಕೆಲಸವೂ ಹೋಯಿತು."

"ಸುಹೈಮಿ?"

ನೂರ್ ತಲೆಯಾಡಿಸಿದಳು, ಸುದ್ದಿಯಿಲ್ಲ ಎಂಬಂತೆ. ಆಮೇಲೆ, "ಊಟ ಆಯಿತಾ ಕಾಕ್?" ಎಂದಳು. ಅಲ್ಲಿ ಯಾರು ಯಾರನ್ನು ಕಂಡರೂ ಕೇಳುವ ಮಾತು ಅದು.

"ಆಯಿತು," ಎಂದಳು ಸುಂದರಿ. ಆಗಿರಲಿಲ್ಲ. ನೂರ್ ಬೆಳ್ಳುಳ್ಳಿಯ ಚೀಲವನ್ನು ತೂಕಕ್ಕೆ ಕೊಟ್ಟಳು. ಹಿಂದೆ ಕಾಯುತ್ತಿದ್ದವರು ಮುಂದೆ ಸರಿದರು. ಸುಂದರಿ ಅವರಿಗೆ ದಾರಿ ಬಿಟ್ಟು ಎಂಆರ್‌ಟಿ ರೈಲು ಸ್ಟೇಷನ್ನಿನ ಕಡೆ ನಡೆದಳು.